ಮಿಲಿಮೀಟರ್ ನೋಡಿ ಹೆದರುವ ಮುಂಚೆ

ಎಂಆರ್‌ಐ ರಿಪೋರ್ಟ್ ಕೈಗೆ ಬಂದರೆ ಯಾರೂ ಅದನ್ನು ಮೊದಲಿನಿಂದ ಓದುವುದಿಲ್ಲ. ಕೊನೆಯಲ್ಲಿ ‘ಇಂಪ್ರೆಶನ್’ ಅಂತ ಎರಡು ಮೂರು ಸಾಲು ಇರುತ್ತದಲ್ಲ, ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ. ನನ್ನ ರಿಪೋರ್ಟಿನ ಆ ಜಾಗದಲ್ಲಿ ಇದ್ದದ್ದು ಇಷ್ಟು: ಸೆರೆಬೆಲ್ಲಾರ್ ಟಾನ್ಸಿಲ್‌ಗಳು ಫೋರಾಮೆನ್ ಮ್ಯಾಗ್ನಮ್‌ಗಿಂತ 11 ಮಿಲಿಮೀಟರ್ ಕೆಳಗಿಳಿದಿವೆ, ಕಿಯಾರಿ ಮಾಲ್‌ಫಾರ್ಮೇಶನ್ ಟೈಪ್ 1, ಜೊತೆಗೆ ಕತ್ತಿನ ಭಾಗದ ಬೆನ್ನುಹುರಿಯಲ್ಲಿ ಸಿರಿಂಕ್ಸ್. ಅದರ ಕೆಳಗೆ ಒಂದು ಸಲಹೆ, ನ್ಯೂರೋಸರ್ಜನ್‌ರನ್ನು ಕಾಣಿ ಅಂತ.

ಈ ಮೂರು ಸಾಲನ್ನು ಅರ್ಥ ಮಾಡಿಕೊಳ್ಳಲು ನನಗೆ ತಿಂಗಳುಗಳೇ ಹಿಡಿದವು. ಆಪರೇಶನ್ ಬೇಕಾ ಬೇಡವಾ ಅನ್ನುವ ತೀರ್ಮಾನಕ್ಕೆ ಬರಲು ಇನ್ನೂ ಸ್ವಲ್ಪ ಕಾಲ ಬೇಕಾಯಿತು. ಯಾರಾದರೂ ಪಕ್ಕದಲ್ಲಿ ಕೂತು, ಕನ್ನಡದಲ್ಲಿ, ಸಮಾಧಾನವಾಗಿ ವಿವರಿಸಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಆಗ ಅನ್ನಿಸುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ತೀರ್ಮಾನ ನಿಮ್ಮ ಡಾಕ್ಟರ ಜೊತೆ ಕೂತೇ ಆಗಬೇಕು. ಆದರೆ ಅವರ ಎದುರು ಕೂತಾಗ ಏನು ಕೇಳಬೇಕು ಅಂತ ಗೊತ್ತಿದ್ದರೆ ಸಿಕ್ಕ ಆ ಸ್ವಲ್ಪ ಹೊತ್ತಿನಲ್ಲೇ ತುಂಬಾ ಕೆಲಸ ಆಗುತ್ತದೆ.

ತಲೆಯ ಹಿಂಭಾಗದಲ್ಲಿ, ಕತ್ತು ಶುರುವಾಗುವ ಜಾಗಕ್ಕಿಂತ ಸ್ವಲ್ಪ ಮೇಲೆ, ಸೆರೆಬೆಲ್ಲಮ್ ಇದೆ. ತೂರಾಡದೆ ನಡೆಯುವುದು, ಬೀಳದೆ ನಿಲ್ಲುವುದು, ಕೈ ಗುರಿ ತಪ್ಪದಿರುವುದು, ಇದೆಲ್ಲ ಅದರ ಉಸ್ತುವಾರಿ. ಅದರ ತಳದಲ್ಲಿ ಎರಡು ಪುಟ್ಟ ಉಬ್ಬುಗಳಿವೆ. ಅವೇ ಈ ಟಾನ್ಸಿಲ್‌ಗಳು. ಗಂಟಲಿನ ಟಾನ್ಸಿಲ್‌ಗೂ ಇವಕ್ಕೂ ಸಂಬಂಧ ಇಲ್ಲ. ತಲೆಬುರುಡೆಯ ತಳದಲ್ಲಿ ಒಂದು ದೊಡ್ಡ ತೂತು ಇದೆ, ಅದರ ಮೂಲಕವೇ ಬೆನ್ನುಹುರಿ ಕೆಳಗಿಳಿಯುವುದು. ಅದು ಫೋರಾಮೆನ್ ಮ್ಯಾಗ್ನಮ್. ಟಾನ್ಸಿಲ್‌ಗಳು ಈ ತೂತಿನ ಮೇಲೆ ಇರಬೇಕು. ಕಿಯಾರಿ ಟೈಪ್ 1ರಲ್ಲಿ ಅವು ತೂತಿನೊಳಗೆ ಇಳಿದು ಕತ್ತಿನ ಕಡೆಗೆ ಬಂದಿರುತ್ತವೆ. ಹೆಚ್ಚಿನವರಲ್ಲಿ ಕಾರಣ ಮೂಳೆಯದು. ಹಿಂದಲೆಯ ಮೂಳೆಯ ಗೂಡು ಬೆಳೆಯುವಾಗಲೇ ಕೊಂಚ ಚಿಕ್ಕದಾಗಿ ಉಳಿದಿರುತ್ತದೆ, ಒಳಗಿರುವ ಸೆರೆಬೆಲ್ಲಮ್ ಮಾತ್ರ ಮಾಮೂಲಿ ಅಳತೆಯದು. ಜಾಗ ಸಾಲದೆ ಅದು ಕೆಳಗೆ ಸರಿಯುತ್ತದೆ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಹುಡುಕಾಡುವಾಗ ‘ಆರ್ನಾಲ್ಡ್-ಕಿಯಾರಿ’ ಅನ್ನುವ ಹೆಸರು ಸಿಗುತ್ತದೆ, ಜೊತೆಗೆ ಬೆನ್ನು ತೆರೆದುಕೊಂಡು ಹುಟ್ಟಿದ ಮಕ್ಕಳ ಚಿತ್ರಗಳೂ. ಅದು ಟೈಪ್ 2. ಅದರ ಕಥೆಯೇ ಬೇರೆ, ಗರ್ಭದಲ್ಲೇ ಶುರುವಾಗುವಂಥದ್ದು. ದೊಡ್ಡವರಾದ ಮೇಲೆ ತಲೆನೋವಿಗೆ ಅಂತ ಸ್ಕ್ಯಾನ್ ಮಾಡಿಸಿದಾಗ ಸಿಗುವುದು ಸಾಮಾನ್ಯವಾಗಿ ಟೈಪ್ 1. ಮುಂದೆ ಅದೇ ಟೈಪ್ 2 ಆಗಿಬಿಡುತ್ತದೆ ಅನ್ನುವ ಭಯ ಬೇಡ. ಇವು ಒಂದೇ ಕಾಯಿಲೆಯ ಹಂತಗಳಲ್ಲ.

ಹಾನ್ಸ್ ಕಿಯಾರಿ ಪ್ರಾಗ್‌ನಲ್ಲಿದ್ದ ಆಸ್ಟ್ರಿಯಾದ ಪೆಥಾಲಜಿಸ್ಟ್. 1891ರಲ್ಲಿ ಅವರು ಇದನ್ನು ಮೊದಲ ಸಲ ವಿವರವಾಗಿ ಬರೆದರು. ಟೈಪ್ 1ಕ್ಕೆ ಅವರು ಉದಾಹರಣೆಯಾಗಿ ಕೊಟ್ಟದ್ದು 17 ವರ್ಷದ ಒಬ್ಬ ಹುಡುಗಿಯನ್ನು. ಆಕೆ ತೀರಿಹೋದದ್ದು ಟೈಫಾಯ್ಡ್‌ನಿಂದ. ಶವಪರೀಕ್ಷೆಯಲ್ಲಿ ಟಾನ್ಸಿಲ್‌ಗಳು ಇಳಿದಿರುವುದು ಕಂಡಿತು. ಬದುಕಿದ್ದಾಗ ಸೆರೆಬೆಲ್ಲಮ್‌ನಿಂದ ಆಕೆಗೆ ಯಾವ ತೊಂದರೆಯೂ ಕಾಣಿಸಿಕೊಂಡಿರಲಿಲ್ಲ ಅಂತ ಕಿಯಾರಿಯೇ ಬರೆದಿಟ್ಟಿದ್ದಾರೆ. ಈ ವಿಷಯ ಓದಿದ ದಿನ ನಾನು ತುಂಬಾ ಹೊತ್ತು ಅದನ್ನೇ ಯೋಚಿಸಿದೆ. ಈ ಕಾಯಿಲೆಗೆ ಹೆಸರು ತಂದುಕೊಟ್ಟ ಆ ಹುಡುಗಿಗೇ ಇದರಿಂದ ನೋವಿರಲಿಲ್ಲ!

ಆಗ ಇದು ತಿಳಿಯುತ್ತಿದ್ದದ್ದು ಸತ್ತ ಮೇಲೆ. ಎಂಆರ್‌ಐ ಬಂದ ಮೇಲೆ, ಅಂದರೆ 1980ರ ದಶಕದಿಂದ ಈಚೆಗೆ, ಬದುಕಿರುವವರ ತಲೆಯಲ್ಲೇ ಕಾಣುತ್ತಿದೆ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದವರಲ್ಲೂ ಸಿಗುತ್ತದೆ. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12,226 ಜನರ ಎಂಆರ್‌ಐಗಳನ್ನು ನೋಡಿದಾಗ 68 ಜನರಲ್ಲಿ ಕಿಯಾರಿ ಟೈಪ್ 1 ಕಂಡಿತ್ತು. ಆ 68 ಜನರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಭಾಗಕ್ಕೆ ಇದರಿಂದ ಯಾವ ತೊಂದರೆಯೂ ಇರಲಿಲ್ಲ. ಹಾಗಾದರೆ ರಿಪೋರ್ಟಿನಲ್ಲಿ ‘ಕಿಯಾರಿ’ ಅಂತ ಬರೆದಿದ್ದರೆ ನಮಗೆ ಕಾಯಿಲೆ ಇದೆ ಅಂತಲಾ? ಒಂದು ಚಿತ್ರದಲ್ಲಿ ಒಂದು ಆಕಾರ ಕಂಡಿದೆ ಅಂತ ಅಷ್ಟೇ. ಅದೇ ನಮ್ಮ ತೊಂದರೆಗೆ ಕಾರಣವಾ ಅನ್ನುವುದನ್ನು ಇನ್ನೂ ನೋಡಬೇಕು.

ಈಗ ಮಿಲಿಮೀಟರ್‌ಗೆ ಬರೋಣ. ನನ್ನ ಡಾಕ್ಟರ್ ಅದನ್ನು ನನ್ನ ಎದುರಿಗೇ ಅಳೆದು ತೋರಿಸಿದರು. ಸ್ಕ್ರೀನಿನ ಮೇಲೆ ತಲೆಯನ್ನು ಮೂಗಿನ ನೇರಕ್ಕೆ ಎರಡು ಹೋಳು ಮಾಡಿದಂಥ ಚಿತ್ರ. ಮೌಸ್ ಉರುಳಿಸುತ್ತಾ ಒಂದೊಂದೇ ಪದರ ದಾಟಿ, ಸರಿಯಾಗಿ ನಡುವಿನ ಪದರಕ್ಕೆ ಬಂದು ನಿಲ್ಲಿಸಿದರು. ಫೋರಾಮೆನ್ ಮ್ಯಾಗ್ನಮ್‌ನ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಒಂದು ಗೆರೆ ಎಳೆದರು. ಆ ಗೆರೆಯಿಂದ ಟಾನ್ಸಿಲ್‌ನ ತುದಿಗೆ ಇನ್ನೊಂದು ಗೆರೆ. ಪಕ್ಕದಲ್ಲಿ ಹಳದಿ ಅಕ್ಷರದಲ್ಲಿ 10.6 ಅಂತ ಬಂತು. ಗೆರೆಯನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಅಳೆದರು. 11.3 ಆಯಿತು. “ನೋಡಿ, ಅಳೆಯುವವರ ಕೈ ಮೇಲೆ ಇಷ್ಟು ವ್ಯತ್ಯಾಸ ಬಂದೇ ಬರುತ್ತೆ. ಮುಂದಿನ ಸಲ ರಿಪೋರ್ಟಿನಲ್ಲಿ 12 ಅಂತ ಬಂದರೆ ಜಾಸ್ತಿ ಆಯ್ತು ಅಂತ ಗಾಬರಿ ಆಗಬೇಡಿ,” ಅಂದರು. ನನಗೆ ಯಾರೂ ಹೇಳಿರದ ಮಾತು ಅದು. ಹಳೆಯ ಸ್ಕ್ಯಾನ್‌ಗೂ ಹೊಸದಕ್ಕೂ ಹೋಲಿಸುವಾಗ ಎರಡೂ ಸಿಡಿಗಳನ್ನು ಒಬ್ಬರೇ ಪಕ್ಕಪಕ್ಕದಲ್ಲಿಟ್ಟು ಅಳೆಯಬೇಕು. ಎರಡು ರಿಪೋರ್ಟಿನ ಸಂಖ್ಯೆಗಳನ್ನು ಸುಮ್ನೆ ಕಳೆದು ನೋಡಿದರೆ ಪ್ರಯೋಜನ ಇಲ್ಲ.

ಸಾಮಾನ್ಯವಾಗಿ 5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಕಿಯಾರಿ ಟೈಪ್ 1 ಅನ್ನುತ್ತಾರೆ. 3ರಿಂದ 5ರ ನಡುವೆ ಇದ್ದರೆ ಗಡಿಯಲ್ಲಿದೆ ಅಂತ. ಚಿಕ್ಕ ಮಕ್ಕಳಲ್ಲಿ 6 ಮಿಲಿಮೀಟರ್ ತನಕ ಸಹಜವಾಗಿಯೇ ಇರಬಹುದು. ವಯಸ್ಸಾದ ಹಾಗೆ ಟಾನ್ಸಿಲ್‌ಗಳು ನಿಧಾನವಾಗಿ ಮೇಲಕ್ಕೆ ಸರಿಯುತ್ತವೆ. ಈ 5 ಅನ್ನುವ ಗೆರೆ ನಾವು ಅನುಕೂಲಕ್ಕೆ ಹಾಕಿಕೊಂಡದ್ದು. 4 ಇದ್ದವರು ನರಳುವುದುಂಟು, 14 ಇದ್ದವರು ಏನೂ ಗೊತ್ತಿಲ್ಲದೆ ಓಡಾಡಿಕೊಂಡಿರುವುದೂ ಉಂಟು.

ಹಾಗಾದರೆ ಚಿತ್ರದಲ್ಲಿ ಏನನ್ನು ನೋಡಬೇಕು? ನೀರನ್ನು ನೋಡಬೇಕು. ಈ ಬರಹದಲ್ಲಿ ಒಂದೇ ಒಂದು ವಿಷಯ ನಿಮ್ಮ ನೆನಪಿನಲ್ಲಿ ಉಳಿಯುವುದಾದರೆ ಇದೇ ಉಳಿಯಲಿ ಅಂತ ನನ್ನ ಆಸೆ. ಮೆದುಳು ಮತ್ತು ಬೆನ್ನುಹುರಿಯ ಸುತ್ತ ತಿಳಿಯಾದ ಒಂದು ದ್ರವ ಇದೆ. ಡಾಕ್ಟರುಗಳು ಸಿಎಸ್‌ಎಫ್ ಅನ್ನುತ್ತಾರೆ. ಯಾವ ಹೊತ್ತಿನಲ್ಲಿ ನೋಡಿದರೂ ಸುಮಾರು 150 ಮಿಲಿಲೀಟರ್ ಇರುತ್ತದೆ. ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ತಯಾರಾಗಿ, ಹಳೆಯದು ರಕ್ತಕ್ಕೆ ಸೇರಿಹೋಗುತ್ತದೆ. ಹೃದಯ ಒಂದು ಸಲ ಬಡಿದಾಗ ಮೆದುಳಿಗೆ ರಕ್ತ ನುಗ್ಗುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲವಲ್ಲ, ಹಾಗಾಗಿ ಆ ಕ್ಷಣಕ್ಕೆ ಸ್ವಲ್ಪ ದ್ರವ ಫೋರಾಮೆನ್ ಮ್ಯಾಗ್ನಮ್ ದಾಟಿ ಕತ್ತಿನ ಕಡೆಗೆ ಇಳಿಯುತ್ತದೆ. ಮುಂದಿನ ಕ್ಷಣ ವಾಪಸ್ ಮೇಲೇರುತ್ತದೆ. ಪ್ರತಿ ಬಡಿತಕ್ಕೂ ಈ ಹೋಗಿಬರುವಿಕೆ. ಇಳಿದ ಟಾನ್ಸಿಲ್‌ಗಳು ಬಾಟಲಿಯ ಬಾಯಿಗೆ ಬಿರಡೆ ಹಾಕಿದ ಹಾಗೆ ಆ ದಾರಿಯಲ್ಲಿ ಕೂತರೆ, ತೊಂದರೆ ಅಲ್ಲಿಂದ ಶುರು.

ಅಮೆರಿಕದ ನ್ಯೂರೋಸರ್ಜನ್ ಥಾಮಸ್ ಮಿಲ್ಹೊರಾಟ್ ಮತ್ತು ಅವರ ಸಂಗಡಿಗರು 1999ರಲ್ಲಿ, ತೊಂದರೆ ಇದ್ದ 364 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ 5 ಮಿಲಿಮೀಟರ್ ಅಥವಾ ಜಾಸ್ತಿ ಇಳಿದಿದ್ದವರು 332 ಜನ. ಉಳಿದವರಿಗೆ ಅಷ್ಟೂ ಇಳಿದಿರಲಿಲ್ಲ. ಆದರೆ ಸೆರೆಬೆಲ್ಲಮ್‌ನ ಹಿಂದೆ ಮತ್ತು ಪಕ್ಕದಲ್ಲಿ ದ್ರವ ಇರಬೇಕಾದ ಜಾಗ ಒತ್ತಿಹೋಗಿದ್ದದ್ದು 364 ಜನರಲ್ಲೂ ಕಂಡಿತು. ಎಲ್ಲರಲ್ಲೂ ಇದ್ದದ್ದು ಅದೇ ಇಕ್ಕಟ್ಟು.

ಇದು ತಲೆಗೆ ಹೋದ ಮೇಲೆ ರಿಪೋರ್ಟಿನ ಉಳಿದ ಪದಗಳು ತಾವಾಗಿಯೇ ಅರ್ಥ ಆಗತೊಡಗಿದವು. ‘ಕ್ರೌಡಿಂಗ್’ ಅಂದರೆ ಫೋರಾಮೆನ್ ಮ್ಯಾಗ್ನಮ್‌ನಲ್ಲಿ ಜಾಗ ಕಿಕ್ಕಿರಿದಿದೆ ಅಂತ. ‘ಎಫೇಸ್‌ಮೆಂಟ್’ ಅಂದರೆ ದ್ರವದ ಜಾಗ ಮುಚ್ಚಿಹೋಗಿದೆ ಅಂತ. ‘ಪೆಗ್ ಲೈಕ್’ ಅಂತ ಬರೆದಿದ್ದರೆ ದುಂಡಗಿರಬೇಕಾದ ಟಾನ್ಸಿಲ್ ತುದಿ ಒತ್ತಡಕ್ಕೆ ಚೂಪಾಗಿದೆ ಅಂತ. ದುಂಡಗಿರುವ ತುದಿಗಿಂತ ಚೂಪಾದ ತುದಿ ಹೆಚ್ಚು ಗಮನ ಕೇಳುತ್ತದೆ. ಟಿ2 ಅನ್ನುವ ಬಗೆಯ ಚಿತ್ರದಲ್ಲಿ ನೀರು ಬೆಳ್ಳಗೆ ಹೊಳೆಯುತ್ತದೆ. ಆರೋಗ್ಯವಾಗಿರುವ ಕತ್ತಿನಲ್ಲಿ ಬೆನ್ನುಹುರಿಯ ಹಿಂದೆ ಮುಂದೆ ಎರಡೂ ಕಡೆ ಬಿಳಿ ಗೆರೆ ಕಾಣಬೇಕು. ನನ್ನದರಲ್ಲಿ ಟಾನ್ಸಿಲ್ ಇರುವ ಜಾಗದಲ್ಲಿ ಹಿಂದಿನ ಬಿಳಿ ಗೆರೆಯೇ ಇರಲಿಲ್ಲ. ಅದರ ಕೆಳಗೆ, ನೀರು ಇರಬಾರದ ಜಾಗದಲ್ಲಿ, ಬೆನ್ನುಹುರಿಯ ಒಳಗೇ ಒಂದು ಉದ್ದನೆಯ ಬಿಳಿ ಪಟ್ಟಿ. ಅದೇ ಸಿರಿಂಕ್ಸ್.

ಸಿರಿಂಕ್ಸ್ ಅಂದರೆ ಬೆನ್ನುಹುರಿಯೊಳಗೆ ದ್ರವ ತುಂಬಿದ ಒಂದು ಟೊಳ್ಳು. ಅಲ್ಲಿ ಒಂದು ಎಳೆಯಷ್ಟು ಸಣ್ಣ ಕೊಳವೆ ಕೆಲವರಿಗೆ ಹುಟ್ಟಿನಿಂದ ಉಳಿದುಕೊಂಡಿರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. 3 ಮಿಲಿಮೀಟರ್ ದಾಟಿ ಅಗಲವಾದರೆ ಸಿರಿಂಕ್ಸ್ ಅಂತ ಎಣಿಸುತ್ತಾರೆ. ಅದು ಹಿಗ್ಗಿದ ಹಾಗೆ ಬೆನ್ನುಹುರಿಯ ನಡುವೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟಿಹೋಗುವ ನರದ ಎಳೆಗಳು ಮೊದಲು ಏಟು ತಿನ್ನುತ್ತವೆ. ನೋವು ಮತ್ತು ಬಿಸಿ-ತಣ್ಣಗಿನ ಅರಿವನ್ನು ಮೆದುಳಿಗೆ ಒಯ್ಯುವ ಎಳೆಗಳು ಅವು. ಮುಟ್ಟಿದ್ದು ತಿಳಿಸುವ ಎಳೆಗಳ ದಾರಿ ಬೇರೆ, ಅವು ಬೆನ್ನುಹುರಿಯ ಹಿಂಭಾಗದಲ್ಲಿ ಹೋಗುತ್ತವೆ. ಹಾಗಾಗಿ ಒಂದು ವಿಚಿತ್ರ ಸ್ಥಿತಿ ಬರುತ್ತದೆ. ಬಿಸಿ ನೀರಿನ ನಲ್ಲಿಯ ಕೆಳಗೆ ಎರಡೂ ಕೈ ಹಿಡಿದರೆ ನನ್ನ ಎಡಗೈಗೆ ಸುಡುತ್ತದೆ, ತಟ್ಟನೆ ಹಿಂದೆಳೆದುಕೊಳ್ಳುತ್ತದೆ. ಬಲಗೈ ಅಲ್ಲೇ ಇರುತ್ತದೆ. ನೀರು ಬೀಳುತ್ತಿರುವುದು ಗೊತ್ತಾಗುತ್ತದೆ, ಒದ್ದೆ ಗೊತ್ತಾಗುತ್ತದೆ, ನೀರಿನ ರಭಸವೂ ಗೊತ್ತಾಗುತ್ತದೆ. ಬಿಸಿ ಮಾತ್ರ ಗೊತ್ತಾಗುವುದಿಲ್ಲ. ಕಿರುಬೆರಳಿನ ಪಕ್ಕದಲ್ಲಿ ಒಂದು ಸುಟ್ಟ ಬೊಬ್ಬೆ ಎದ್ದಿತ್ತು, ಅದು ಯಾವಾಗ ಸುಟ್ಟಿತು ಅಂತ ನನಗೆ ಗೊತ್ತೇ ಇರಲಿಲ್ಲ. ನಿಮಗೂ ಹೀಗೆ ಆಗಿದ್ದರೆ ದಯವಿಟ್ಟು ಡಾಕ್ಟರಿಗೆ ಹೇಳಿ. ‘ಕೈ ಜೋಮು ಹಿಡಿಯುತ್ತೆ’ ಅನ್ನುವ ಮಾತಿಗಿಂತ ‘ಬಿಸಿ ಗೊತ್ತಾಗಲ್ಲ’ ಅನ್ನುವ ಮಾತು ಅವರಿಗೆ ನೂರು ಪಾಲು ಹೆಚ್ಚು ಹೇಳುತ್ತದೆ.

ತಲೆನೋವಿನ ವಿಷಯದಲ್ಲೂ ಹಾಗೇ. ಬರೀ ತಲೆನೋವು ಅಂದರೆ ಸಾಲದು. ಕಿಯಾರಿಯದೇ ಅಂತ ಗುರುತಿಸಬಹುದಾದ ನೋವು ಹಿಂದಲೆಯಲ್ಲಿ, ಕತ್ತಿನ ಮೇಲೆ ಬರುತ್ತದೆ. ಕೆಮ್ಮಿದರೆ, ಸೀನಿದರೆ, ತಿಣುಕಿದರೆ, ಜೋರಾಗಿ ನಕ್ಕರೆ ತಕ್ಷಣ ಬಡಿಯುತ್ತದೆ. ಕೆಲವು ಸೆಕೆಂಡಿನಿಂದ ಕೆಲವು ನಿಮಿಷ ಇದ್ದು ಇಳಿಯುತ್ತದೆ. ಕೆಮ್ಮಿದಾಗ ತಲೆಯೊಳಗಿನ ಒತ್ತಡ ಏರುತ್ತದೆ, ದ್ರವಕ್ಕೆ ಕೆಳಗಿಳಿಯಲು ದಾರಿ ಇಲ್ಲ, ಅದಕ್ಕೇ ಈ ನೋವು. ದಿನವಿಡೀ ಹಣೆಯಲ್ಲಿ ಇರುವ ನೋವು, ಬೆಳಕು ಕಂಡರೆ ಆಗದ ಒಂದು ಪಕ್ಕದ ನೋವು, ಇವು ಮೈಗ್ರೇನ್ ಇರಬಹುದು. ಎಂಆರ್‌ಐನಲ್ಲಿ ಕಿಯಾರಿ ಕಂಡವರಿಗೂ ಮೈಗ್ರೇನ್ ಬರಬಹುದಲ್ಲವೇ? ನನಗೆ ಎರಡೂ ಇತ್ತು. ಈ ಎರಡನ್ನು ಬೇರೆ ಮಾಡಿ ನೋಡಿದ್ದೇ ಇಡೀ ಪ್ರಯಾಣದಲ್ಲಿ ನನಗೆ ಹೆಚ್ಚು ಉಪಕಾರ ಮಾಡಿತು. ಒಂದು ನೋಟ್‌ಬುಕ್ಕಿನಲ್ಲಿ ನೋವು ಎಲ್ಲಿ ಬಂತು, ಏನು ಮಾಡುವಾಗ ಬಂತು, ಎಷ್ಟು ಹೊತ್ತು ಇತ್ತು ಅಂತ ಬರೆಯುತ್ತಾ ಹೋದೆ. ಡಾಕ್ಟರ್ ನನ್ನ ಸ್ಕ್ಯಾನ್ ನೋಡಿದ್ದಕ್ಕಿಂತ ಜಾಸ್ತಿ ಹೊತ್ತು ಆ ನೋಟ್‌ಬುಕ್ ನೋಡಿದರು.

ಇದಲ್ಲದೆ ನಡೆಯುವಾಗ ತೂರಾಟ, ನುಂಗಲು ಕಷ್ಟ, ದನಿ ಒಡೆಯುವುದು, ಕಣ್ಣಿನ ಗುಡ್ಡೆ ಕೆಳಮುಖವಾಗಿ ಅದುರುವುದು, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು, ಇವೂ ಇರಬಹುದು. ಮಕ್ಕಳಲ್ಲಿ ಬೆನ್ನು ಒಂದು ಕಡೆ ಬಾಗುವುದೇ ಮೊದಲ ಸೂಚನೆ ಆಗಬಹುದು. ನುಂಗುವ ಮತ್ತು ಉಸಿರಿನ ತೊಂದರೆ ಇದ್ದವರು ಕಾಯುತ್ತಾ ಕೂರಬಾರದು.

ಆಪರೇಶನ್ ಮಾತಿಗೆ ಮುಂಚೆ ಇನ್ನೊಂದು ಬಾಗಿಲು ತಟ್ಟಿ ನೋಡಬೇಕು. ಟಾನ್ಸಿಲ್ ಇಳಿದದ್ದು ನಿಜವಾಗಿ ಕಿಯಾರಿಯಿಂದಲೇನಾ? ಬೆನ್ನಿನಲ್ಲಿ ಎಲ್ಲಾದರೂ ದ್ರವ ಸೋರುತ್ತಿದ್ದರೆ ತಲೆಯೊಳಗಿನ ಒತ್ತಡ ಕುಸಿದು ಇಡೀ ಮೆದುಳೇ ಕೆಳಕ್ಕೆ ಜಗ್ಗುತ್ತದೆ. ಚಿತ್ರದಲ್ಲಿ ಅದು ಥೇಟ್ ಕಿಯಾರಿಯ ಹಾಗೇ ಕಾಣಬಹುದು. ಅಂಥವರಿಗೆ ಎದ್ದು ನಿಂತರೆ ತಲೆನೋವು ಜಾಸ್ತಿ, ಮಲಗಿದರೆ ಕಡಿಮೆ. ಕಾಂಟ್ರಾಸ್ಟ್, ಅಂದರೆ ಚಿತ್ರ ಎದ್ದು ಕಾಣಲು ರಕ್ತನಾಳಕ್ಕೆ ಚುಚ್ಚುವ ಮದ್ದು, ಕೊಟ್ಟು ತೆಗೆದ ಎಂಆರ್‌ಐನಲ್ಲಿ ಮೆದುಳಿನ ಹೊದಿಕೆ ಎಲ್ಲ ಕಡೆ ದಪ್ಪಗೆ ಹೊಳೆಯುವುದು ಒಂದು ಸುಳಿವು. ಅವರಿಗೆ ಬೇಕಾದದ್ದು ಸೋರಿಕೆ ಮುಚ್ಚುವ ಚಿಕಿತ್ಸೆ, ಕಿಯಾರಿ ಆಪರೇಶನ್ ಮಾಡಿದರೆ ಇನ್ನೂ ಕೆಡಬಹುದು. ಇದಕ್ಕೆ ತಿರುಗಾಮುರುಗಾ, ತಲೆಯೊಳಗಿನ ಒತ್ತಡವೇ ಜಾಸ್ತಿ ಇದ್ದರೂ ಟಾನ್ಸಿಲ್ ಕೆಳಗೆ ತಳ್ಳಲ್ಪಡುತ್ತದೆ. ಅದಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಕಣ್ಣಿನ ಹಿಂಭಾಗದ ನರ ಊದಿದೆಯಾ ಅಂತ ನೋಡಿಸುತ್ತಾರೆ. ಕತ್ತಿನ ಮೊದಲ ಎರಡು ಮೂಳೆಗಳ ಕೀಲು ಸಡಿಲವಾಗಿದೆಯಾ ಅಂತ ಕತ್ತು ಬಗ್ಗಿಸಿ, ಎತ್ತಿಸಿ ಎಕ್ಸ್‌ರೇ ತೆಗೆಯುವುದೂ ಉಂಟು. ನರಶಸ್ತ್ರತಜ್ಞ ಅತುಲ್ ಗೋಯಲ್ ಅವರು ಕಿಯಾರಿಗೆ ಮೂಲ ಕಾರಣವೇ ಆ ಸಡಿಲ, ಹಾಗಾಗಿ ಆ ಕೀಲನ್ನು ಸ್ಕ್ರೂ ಹಾಕಿ ಬಿಗಿಯಬೇಕು ಅಂತ 2015ರಲ್ಲಿ ವಾದ ಮುಂದಿಟ್ಟರು. ಬಹಳಷ್ಟು ಸರ್ಜನ್‌ಗಳು ಎಲ್ಲ ಕಿಯಾರಿಗೂ ಅದನ್ನು ಒಪ್ಪುವುದಿಲ್ಲ. ಸಡಿಲ ಎದ್ದು ಕಾಣುವವರಲ್ಲಿ ಮಾತ್ರ ಬಿಗಿಯುತ್ತಾರೆ. ಒಬ್ಬರು ಒಂದು ಹೇಳಿ ಇನ್ನೊಬ್ಬರು ಇನ್ನೊಂದು ಹೇಳಿದರೆ ಕಂಗಾಲಾಗದೆ, ‘ನನ್ನ ಚಿತ್ರದಲ್ಲಿ ಸಡಿಲ ಕಾಣುತ್ತಿದೆಯಾ, ಎಲ್ಲಿ ತೋರಿಸಿ’ ಅಂತ ಕೇಳಿ.

ನನಗೆ ಸಿನೆ ಎಂಆರ್‌ಐ ಕೂಡ ಮಾಡಿಸಿದರು. ಹೃದಯ ಬಡಿತದ ಲೆಕ್ಕಕ್ಕೆ ಹೊಂದಿಸಿ ದ್ರವ ಮೇಲೆ ಕೆಳಗೆ ಹರಿಯುವುದನ್ನು ತೆಗೆಯುವ ಚಿತ್ರ ಅದು. ಮೇಲೆ ಹೋಗುವಾಗ ಒಂದು ಬಣ್ಣ, ಇಳಿಯುವಾಗ ಇನ್ನೊಂದು. ಬೆನ್ನುಹುರಿಯ ಮುಂದೆ ಕಪ್ಪು ಬಿಳಿ ಮಿನುಗುತ್ತಿತ್ತು. ಹಿಂದೆ ಏನೂ ಅಲ್ಲಾಡುತ್ತಿರಲಿಲ್ಲ. ಎಲ್ಲರಿಗೂ ಈ ಪರೀಕ್ಷೆ ಬೇಕಾಗಿಲ್ಲ. ತೊಂದರೆ ಇದರಿಂದಲೇನಾ ಅಂತ ಅನುಮಾನ ಉಳಿದಾಗ ಇದು ಕೈಹಿಡಿಯುತ್ತದೆ.

ತೊಂದರೆ ಇಲ್ಲದವರಿಗೆ, ಸಿರಿಂಕ್ಸ್ ಇಲ್ಲದವರಿಗೆ ಆಪರೇಶನ್ ಬೇಡ ಅನ್ನುವುದರಲ್ಲಿ ಹೆಚ್ಚಿನ ಸರ್ಜನ್‌ಗಳದು ಒಂದೇ ಮಾತು. ಅಂಥವರಲ್ಲಿ ಬಹುಪಾಲು ಜನ ಹಾಗೇ ಇದ್ದುಬಿಡುತ್ತಾರೆ. ಆಗಾಗ ಪರೀಕ್ಷೆ, ಬೇಕಾದಾಗ ಮತ್ತೆ ಎಂಆರ್‌ಐ, ಅಷ್ಟೇ. ಕತ್ತನ್ನು ಲಟಕ್ಕೆನ್ನಿಸುವ ಮಸಾಜ್ ಮಾತ್ರ ಬೇಡವೇ ಬೇಡ. ಮುಂದೆ ತೊಂದರೆ ಬರಬಹುದು ಅಂತ ಈಗಲೇ ಆಪರೇಶನ್ ಮಾಡಿಸಿಕೊಳ್ಳಿ ಅಂತ ಯಾರಾದರೂ ಅವಸರ ಮಾಡಿದರೆ ಇನ್ನೊಬ್ಬ ನ್ಯೂರೋಸರ್ಜನ್‌ರನ್ನು ಕಾಣಿ. ಬೆನ್ನಿನ ಬುಡದಲ್ಲಿರುವ ಒಂದು ಎಳೆಯನ್ನು ಕತ್ತರಿಸಿದರೆ ಕಿಯಾರಿ ವಾಸಿ ಆಗುತ್ತದೆ ಅನ್ನುವ ಮಾತೂ ಕಿವಿಗೆ ಬೀಳಬಹುದು. ಬೆನ್ನುಹುರಿ ನಿಜವಾಗಿ ಕೆಳಗೆ ಕಟ್ಟಿಕೊಂಡಿರುವವರಿಗೆ ಆ ಆಪರೇಶನ್ ಇದೆ. ಬರೀ ಕಿಯಾರಿಗೆ ಅದು ಸರಿ ಅನ್ನಲು ಗಟ್ಟಿಯಾದ ಪುರಾವೆ ಇಲ್ಲ.

ಕೆಮ್ಮಿನ ತಲೆನೋವು ಬದುಕನ್ನೇ ಹಿಂಡುತ್ತಿದ್ದರೆ, ಸಿರಿಂಕ್ಸ್ ದೊಡ್ಡದಾಗುತ್ತಿದ್ದರೆ ಅಥವಾ ನರದ ತೊಂದರೆ ಶುರುವಾಗಿದ್ದರೆ ತಕ್ಕಡಿ ಆಪರೇಶನ್ ಕಡೆಗೆ ವಾಲುತ್ತದೆ. ನನ್ನದು ಈ ಗುಂಪಿಗೆ ಸೇರಿತು. ಆದರೂ ಮನಸ್ಸು ಒಪ್ಪಲಿಲ್ಲ. ನಡೆದಾಡಿಕೊಂಡಿದ್ದೇನೆ, ಕೆಲಸ ಮಾಡಿಕೊಂಡಿದ್ದೇನೆ, ಸುಮ್ನೆ ಯಾಕೆ ತಲೆಗೆ ಕೈ ಹಾಕಿಸಿಕೊಳ್ಳಬೇಕು ಅಂತ.

ತಮ್ಮ ಒಂದು ಸಂಜೆ ಕೇಳಿದ: “ಅಕ್ಕ, ಆಪರೇಶನ್ ಆದಮೇಲೆ ನಿನಗೆ ಏನು ಸರಿ ಹೋಗಬೇಕು ಅಂತಿದೆ? ಅದನ್ನ ಹೇಳು ಮೊದಲು.”

“ಎಲ್ಲಾನೂ,” ಅಂದೆ.

“ಡಾಕ್ಟರ್ ಎಲ್ಲಾನೂ ಸರಿ ಹೋಗುತ್ತೆ ಅಂತ ಹೇಳಿದಾರಾ?”

ಹೇಳಿರಲಿಲ್ಲ. ಮುಂದಿನ ಸಲ ಹೋದಾಗ ನಾವಿಬ್ಬರೂ ಅದನ್ನೇ ಕೇಳಿದೆವು. ಅವರು ಬಿಡಿಸಿ ಹೇಳಿದರು. ಕೆಮ್ಮಿದಾಗ ಬರುವ ನೋವು ಹೋಗುವ ಸಾಧ್ಯತೆ ತುಂಬಾ ಚೆನ್ನಾಗಿದೆ. ಸಿರಿಂಕ್ಸ್ ಹೆಚ್ಚಿನವರಲ್ಲಿ ಕುಗ್ಗುತ್ತದೆ, ಆದರೆ ತಿಂಗಳುಗಳು ಹಿಡಿಯಬಹುದು. ಕಳೆದುಹೋದ ಬಿಸಿಯ ಅರಿವು ವಾಪಸ್ ಬರುತ್ತದೆ ಅಂತ ನಂಬಿಕೊಂಡು ಬರಬೇಡಿ. ಬಂದರೂ ಸ್ವಲ್ಪ ಬರಬಹುದು. ಅದು ಇನ್ನೂ ಕೆಡದ ಹಾಗೆ ತಡೆಯುವುದೇ ಮುಖ್ಯ ಗುರಿ. ಹಣೆಯ ನೋವು ಮೈಗ್ರೇನ್, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಅದಕ್ಕೆ ಬೇರೆ ಔಷಧಿ. ಇಷ್ಟು ಸ್ಪಷ್ಟವಾಗಿ ಕೇಳಿದ ಮೇಲೆ ನನ್ನ ಭಯ ಕಡಿಮೆ ಆಯಿತು ಅಂದರೆ ನಂಬುತ್ತೀರಾ? ಸಿಗದಿರುವುದು ಯಾವುದು ಅಂತ ಗೊತ್ತಾದ ಮೇಲೆ ಸಿಗುವುದರ ಬೆಲೆ ಕಂಡಿತು. ಬಲಗೈ ಈಗಿರುವಷ್ಟಾದರೂ ಉಳಿಯಬೇಕು. ನನಗೆ ಅದು ಸಾಕಷ್ಟು ದೊಡ್ಡ ಕಾರಣ.

ಆಪರೇಶನ್‌ನ ಹೆಸರು ಪೋಸ್ಟೀರಿಯರ್ ಫೋಸಾ ಡಿಕಂಪ್ರೆಶನ್. ಬೋರಲು ಮಲಗಿಸಿ, ತಲೆ ಅಲ್ಲಾಡದ ಹಾಗೆ ಪಿನ್ನುಗಳ ಚೌಕಟ್ಟಿನಲ್ಲಿ ಹಿಡಿದಿಡುತ್ತಾರೆ. ಹಿಂದಲೆಯ ನಡುವಿನಿಂದ ಕತ್ತಿನ ತನಕ ಕೊಯ್ದು, ಸ್ನಾಯುಗಳನ್ನು ಪಕ್ಕಕ್ಕೆ ಸರಿಸಿ, ಫೋರಾಮೆನ್ ಮ್ಯಾಗ್ನಮ್‌ನ ಹಿಂದಿನ ಅಂಚಿನ ಮೂಳೆಯನ್ನು ಸುಮಾರು 3 ಸೆಂಟಿಮೀಟರ್ ಅಗಲ ಎತ್ತರದಷ್ಟು ತೆಗೆಯುತ್ತಾರೆ. ಕತ್ತಿನ ಮೊದಲ ಮೂಳೆಯ ಹಿಂದಿನ ಕಮಾನನ್ನೂ ತೆಗೆಯುತ್ತಾರೆ. ಜಾಸ್ತಿ ಮೂಳೆ ತೆಗೆದರೆ ಸೆರೆಬೆಲ್ಲಮ್ ಆಧಾರವಿಲ್ಲದೆ ಜೋತುಬೀಳಬಹುದು, ಆದ್ದರಿಂದ ಅಳತೆ ಮುಖ್ಯ. ಮೆದುಳನ್ನು ಕೊಯ್ಯುತ್ತಾರೆ ಅಂತ ಅಮ್ಮ ಅಂದುಕೊಂಡಿದ್ದರು. ದಾರಿ ಬಿಡಿಸುವುದೇ ಇಲ್ಲಿನ ಮುಖ್ಯ ಕೆಲಸ. ಕೆಲವರಲ್ಲಿ ಟಾನ್ಸಿಲ್ ತುದಿಗಳನ್ನು ಸಣ್ಣ ಕರೆಂಟಿನ ಶಾಖದಿಂದ ಕುಗ್ಗಿಸುವುದೂ ಇದೆ.

ಸರ್ಜನ್‌ಗಳ ನಡುವೆ ಭಿನ್ನಾಭಿಪ್ರಾಯ ಇರುವುದು ಡ್ಯೂರಾ ವಿಷಯದಲ್ಲಿ. ಡ್ಯೂರಾ ಅಂದರೆ ಮೂಳೆಯ ಕೆಳಗೆ ಮೆದುಳನ್ನು ಸುತ್ತಿರುವ ಗಟ್ಟಿ ಹೊದಿಕೆ. ಮೂಳೆ ತೆಗೆದು ಅಲ್ಲಿಗೇ ನಿಲ್ಲಿಸುವುದು ಒಂದು ದಾರಿ. ಡ್ಯೂರಾ ತೆರೆದು, ತಲೆಬುರುಡೆಯ ಮೇಲಿನ ಪೊರೆಯ ತುಂಡನ್ನೋ ತಯಾರಿಸಿದ ಪದರವನ್ನೋ ತೇಪೆಯಾಗಿ ಹೊಲಿದು ಒಳಗಿನ ಜಾಗ ಹಿಗ್ಗಿಸುವುದು ಇನ್ನೊಂದು. ತೆರೆಯದಿದ್ದರೆ ತೊಡಕು ಕಡಿಮೆ, ಆದರೆ ಮತ್ತೆ ಆಪರೇಶನ್ ಬೇಕಾಗುವ ಸಾಧ್ಯತೆ ಜಾಸ್ತಿ. ತೆರೆದರೆ ಜಾಗ ಚೆನ್ನಾಗಿ ಸಿಗುತ್ತದೆ, ಆದರೆ ಹೊಲಿಗೆಯಿಂದ ದ್ರವ ಸೋರಬಹುದು, ಚರ್ಮದ ಕೆಳಗೆ ದ್ರವ ತುಂಬಿ ಉಬ್ಬಬಹುದು, ಸೋಂಕಿಲ್ಲದೆಯೂ ಮೆನಿಂಜೈಟಿಸ್ (ಮೆದುಳಿನ ಹೊದಿಕೆಯ ಉರಿಯೂತ) ತರಹದ ಜ್ವರ, ತಲೆನೋವು ಬರಬಹುದು. ಎರಡರಲ್ಲೂ ಸೋಂಕು, ರಕ್ತಸ್ರಾವ, ಪಾರ್ಶ್ವವಾಯು, ಸಾವು ಇವು ಅಪರೂಪ. ಆದರೆ ಸೊನ್ನೆ ಅಲ್ಲ, ಸಹಿ ಹಾಕುವಾಗ ಅದನ್ನು ಓದಿಯೇ ಹಾಕಬೇಕು. ದೊಡ್ಡ ಸಿರಿಂಕ್ಸ್ ಇದ್ದವರಲ್ಲಿ ತೆರೆಯುವ ಕಡೆಗೆ ಒಲವು ಹೆಚ್ಚು. ನನ್ನ ಡಾಕ್ಟರ್ ಮೂಳೆ ತೆಗೆದ ಮೇಲೆ ಅಲ್ಲೇ ಅಲ್ಟ್ರಾಸೌಂಡ್ ಇಟ್ಟು ದ್ರವ ಓಡಾಡುತ್ತಿದೆಯಾ ನೋಡುತ್ತಾರಂತೆ. ಆದರೆ ಸಿರಿಂಕ್ಸ್ ಇರುವುದರಿಂದ ಬಹುಶಃ ತೆರೆಯಬೇಕಾಗುತ್ತದೆ ಅಂತ ಮೊದಲೇ ಹೇಳಿದ್ದಾರೆ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಜೊತೆಗೆ ಕಿಯಾರಿ ಆಪರೇಶನ್ ಅವರು ಎಷ್ಟು ಮಾಡಿದ್ದಾರೆ, ಸೋರಿಕೆ ಎಷ್ಟು ಜನರಿಗೆ ಆಗಿದೆ ಅಂತಲೂ ಕೇಳಿ. ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ನಾನು ಒಪ್ಪಿಕೊಂಡಿದ್ದೇನೆ. ದಿನ ಗೊತ್ತಾಗಿದೆ. ಆಪರೇಶನ್‌ಗೆ ಮುಂಚೆ ಎರಡೂ ಕೈಗಳ ಹಿಡಿತ, ಬಿಸಿ, ಚುಚ್ಚಿದ ಅರಿವು ಎಲ್ಲಿ ಎಷ್ಟಿದೆ ಅಂತ ಚಿತ್ರ ಬರೆದು ಗುರುತು ಹಾಕಿಸಿಕೊಂಡಿದ್ದೇನೆ. ಆಮೇಲೆ ಸುಧಾರಿಸಿದೆಯಾ, ಕೆಟ್ಟಿದೆಯಾ ಅನ್ನುವುದಕ್ಕೆ ಅದೇ ಆಧಾರ. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಕೆಲವೇ ದಿನ. ಕತ್ತಿನ ಸ್ನಾಯುಗಳ ನೋವೇ ಮೊದಲ ವಾರಗಳಲ್ಲಿ ಹೆಚ್ಚು ಕಾಡುತ್ತದಂತೆ. ಕೂತು ಮಾಡುವ ಕೆಲಸಕ್ಕೆ ಮರಳಲು ಒಂದರಿಂದ ಒಂದೂವರೆ ತಿಂಗಳು, ಭಾರ ಎತ್ತಲು ಅದಕ್ಕಿಂತ ಜಾಸ್ತಿ ಅಂತ ಹೇಳಿದ್ದಾರೆ. ಕೆಲವು ತಿಂಗಳ ನಂತರ ಮತ್ತೆ ಎಂಆರ್‌ಐ. ಆಗ ನೋಡಬೇಕಾದದ್ದು ಸಿರಿಂಕ್ಸ್ ಕುಗ್ಗಿದೆಯಾ, ಹಿಂದಿನ ಬಿಳಿ ಗೆರೆ ಕಾಣುತ್ತಿದೆಯಾ ಅನ್ನುವುದು.

ಮನೆಗೆ ಬಂದ ಮೇಲೆ ಏನಾದರೆ ಕಾಯದೆ ಫೋನ್ ಮಾಡಬೇಕು ಅನ್ನುವುದನ್ನು ತಮ್ಮ ಬರೆದುಕೊಂಡಿದ್ದಾನೆ: ಗಾಯದಿಂದ ತಿಳಿ ನೀರು ಬಂದರೆ, ಹಿಂದಲೆ ಉಬ್ಬುತ್ತಾ ಹೋದರೆ, ಜ್ವರದ ಜೊತೆ ಕತ್ತು ಬಿಗಿದುಕೊಂಡರೆ, ವಾಂತಿ ನಿಲ್ಲದಿದ್ದರೆ, ನುಂಗಲು ಕಷ್ಟವಾದರೆ, ಮಂಪರು ಜಾಸ್ತಿ ಆದರೆ. ರಾತ್ರಿ ಯಾವ ನಂಬರಿಗೆ ಮಾಡಬೇಕು ಅಂತಲೂ ಕೇಳಿ ಇಟ್ಟುಕೊಂಡಿದ್ದಾನೆ. ನಿಮ್ಮ ಮನೆಯಲ್ಲೂ ಯಾರಾದರೊಬ್ಬರು ಇದನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಲಿ.